ಕುಡಿಯುವ ಮುಂಚೆ ಜ್ಯೇಷ್ಠಮಧು ತಗೊಂಡ್ರೆ ಹೊಟ್ಟೆ ಉಳಿಯುತ್ತಾ?

ಪ್ರಶ್ನೆ: ಮದ್ಯದಿಂದ ಹೊಟ್ಟೆಯ ಒಳಪದರಕ್ಕೆ ಆಗುವ ಹಾನಿಯನ್ನು ಕೆಲವು ಗಿಡಗಳ ಸಾರ ತಡೆಯುತ್ತದೆ ಅಂತ ಓದಿದೆ. ಕುಡಿಯುವ ಮುಂಚೆ ಜ್ಯೇಷ್ಠಮಧು ಅಥವಾ ಅರಿಶಿನದ ಮಾತ್ರೆ ನುಂಗಿದರೆ ಸಾಕಾ?

ಉತ್ತರ: ಸಾಲದು. ಹಾಗಂತ ನೀವು ಓದಿದ್ದು ಸುಳ್ಳೂ ಅಲ್ಲ.

ಜಠರದ ಒಳಗೋಡೆಯ ಮೇಲೆ ಲೋಳೆಯ ಪದರವಿದೆ. ಆಮ್ಲ ಗೋಡೆಯನ್ನು ಸುಡದಂತೆ ಕಾಯುವುದು ಅದೇ. ಗಾಢವಾದ ಮದ್ಯ ಈ ಪದರವನ್ನು ಕೆಡಿಸಿ, ಕೆಳಗಿನ ಜೀವಕೋಶಗಳನ್ನೂ ಸಣ್ಣ ರಕ್ತನಾಳಗಳನ್ನೂ ಗಾಯಗೊಳಿಸುತ್ತದೆ. ಆಮೇಲೆ ಉರಿಯೂತ ಶುರುವಾಗುತ್ತದೆ. ಅರಿಶಿನದ ಕರ್ಕ್ಯುಮಿನ್, ಈರುಳ್ಳಿಯಲ್ಲಿರುವ ಕ್ವೆರ್ಸೆಟಿನ್, ಶುಂಠಿಯ ಜಿಂಜರಾಲ್ ಇವೆಲ್ಲ ಇಲಿಗಳಲ್ಲಿ ಈ ಗಾಯವನ್ನು ಕಡಿಮೆ ಮಾಡಿವೆ.

ಆದರೆ ಆ ಪ್ರಯೋಗ ನಡೆಯುವ ರೀತಿ ನೋಡಿ. ಇಲಿಯನ್ನು ಉಪವಾಸ ಕೆಡವಿ, ಮೊದಲು ಗಿಡದ ಸಾರ ಕೊಡುತ್ತಾರೆ. ಸ್ವಲ್ಪ ಹೊತ್ತು ಬಿಟ್ಟು, ಹೆಚ್ಚಾಗಿ ನೀರೇ ಬೆರೆಸದ ಆಲ್ಕೋಹಾಲನ್ನು ನೇರ ಜಠರಕ್ಕೆ ಬಿಡುತ್ತಾರೆ. ಸುಮಾರು ಒಂದು ಗಂಟೆಯಲ್ಲಿ ಗಾಯ ಅಳೆದು ಮುಗಿಸುತ್ತಾರೆ. ವರ್ಷಗಟ್ಟಲೆ ಕುಡಿಯುವ ಮನುಷ್ಯನ ಹೊಟ್ಟೆಯ ಬಗ್ಗೆ ಇದರಿಂದ ಏನು ಹೇಳಲಾದೀತು?

ಮೆಣಸಿನಕಾಯಿಯ ಕ್ಯಾಪ್ಸೈಸಿನ್ ನನಗೆ ತುಂಬ ಕುತೂಹಲ ಹುಟ್ಟಿಸುತ್ತದೆ. ಸ್ವಲ್ಪವೇ ಕೊಟ್ಟರೆ ಅದು ಜಠರದ ನರಗಳನ್ನು ಎಚ್ಚರಿಸಿ ರಕ್ತದ ಹರಿವು ಹೆಚ್ಚಿಸುತ್ತದೆ, ಗಾಯ ತಗ್ಗುತ್ತದೆ. ಜಾಸ್ತಿ ಕೊಟ್ಟು ಅದೇ ನರಗಳನ್ನು ನಿಷ್ಕ್ರಿಯ ಮಾಡಿದರೆ ಮದ್ಯದ ಗಾಯ ಇನ್ನೂ ಜೋರಾಗುತ್ತದೆ. ಕಾಯುವ ವಸ್ತುವೇ, ಪ್ರಮಾಣ ಬದಲಾದರೆ, ಕಾವಲನ್ನು ತೆಗೆದುಹಾಕುತ್ತದೆ.

ಜ್ಯೇಷ್ಠಮಧುವಿನ ಕಥೆ ಇನ್ನೂ ಮುಂದೆ ಹೋಗಿದೆ. ಅದರಿಂದ ತಯಾರಾದ ಕಾರ್ಬೆನೊಕ್ಸೊಲೋನ್ ಎಂಬ ಔಷಧ 1960ರ ದಶಕದಲ್ಲಿ ಬ್ರಿಟನ್ನಿನಲ್ಲಿ ಜಠರದ ಹುಣ್ಣಿಗೆ ಬಳಕೆಗೆ ಬಂತು. ಹುಣ್ಣು ಮಾಯುತ್ತಿತ್ತು, ನಿಜ. ಜೊತೆಗೆ ರಕ್ತದೊತ್ತಡ ಏರುತ್ತಿತ್ತು, ಮೈಯಲ್ಲಿ ನೀರು ತುಂಬಿಕೊಳ್ಳುತ್ತಿತ್ತು, ಪೊಟ್ಯಾಸಿಯಂ ಇಳಿಯುತ್ತಿತ್ತು. ಜ್ಯೇಷ್ಠಮಧುವನ್ನೇ ದಿನವೂ ಜಾಸ್ತಿ ತಿಂದರೂ ಇದೇ ತೊಂದರೆ ಬರುತ್ತದೆ. ಬಿಪಿ ಇರುವವರು ಸುಮ್ನೆ ಪ್ರಯೋಗ ಮಾಡಬೇಡಿ. ಅರಿಶಿನದ ಗಾಢ ಮಾತ್ರೆಗಳಿಂದ ಕೆಲವರ ಯಕೃತ್ತಿಗೆ ಪೆಟ್ಟಾಗಿರುವುದೂ ದಾಖಲಾಗಿದೆ. ಕುಡಿಯುವವರ ಯಕೃತ್ತು ಮೊದಲೇ ಕಷ್ಟದಲ್ಲಿರುತ್ತದೆ, ಅಲ್ವಾ?

ಇನ್ನೊಂದು ಮಾತು. ಗೋಡೆ ಉಳಿದರೂ ಮದ್ಯ ರಕ್ತಕ್ಕೆ ಸೇರಿಯೇ ಸೇರುತ್ತದೆ. ಉರಿ ಇಲ್ಲ ಅಂತ ಇನ್ನೊಂದು ಗ್ಲಾಸ್ ಹಾಕಿಕೊಳ್ಳುವುದೇ ನನಗೆ ಹೆಚ್ಚು ಭಯ ಹುಟ್ಟಿಸುವ ಸಂಗತಿ.

ಹೊಟ್ಟೆಯ ಒಳಪದರದ ಮೇಲ್ಮೈ ಕೆಲವೇ ದಿನಗಳಲ್ಲಿ ಹೊಸದಾಗುತ್ತದೆ. ಅದಕ್ಕೆ ಬೇಕಾದದ್ದು ಬಿಡುವು. ಕುಡಿತ ನಿಲ್ಲಿಸಿ, ಅದಾಗದಿದ್ದರೆ ಕಡಿಮೆ ಮಾಡಿ, ಖಾಲಿ ಹೊಟ್ಟೆಯಲ್ಲಂತೂ ಬೇಡ. ಆದರೆ ದಿನವೂ ಜಾಸ್ತಿ ಕುಡಿಯುವವರು ವೈದ್ಯರನ್ನು ಕೇಳದೆ ಒಮ್ಮೆಲೇ ನಿಲ್ಲಿಸಬಾರದು, ಅದು ಅಪಾಯ. ತಲೆನೋವಿಗೆಂದು ಆಸ್ಪಿರಿನ್, ಐಬುಪ್ರೊಫೇನ್ ಜೊತೆಗೆ ಸೇರಿಸಬೇಡಿ, ರಕ್ತಸ್ರಾವದ ಸಾಧ್ಯತೆ ಹೆಚ್ಚುತ್ತದೆ. ವಾಂತಿಯಲ್ಲಿ ರಕ್ತ ಅಥವಾ ಕಾಫಿ ಪುಡಿಯಂಥದ್ದು ಕಂಡರೆ, ಮಲ ಡಾಂಬರಿನಂತೆ ಕಪ್ಪಾದರೆ, ಯಾವ ಬೇರನ್ನೂ ಅರೆಯುತ್ತ ಕೂರದೆ ತಕ್ಷಣ ಆಸ್ಪತ್ರೆಗೆ ಹೋಗಿ.