ಗೇಷಾ: ಪದದೊಳಗೇ ಇರುವ ಕಲೆ

ಗೇಷಾ ಎಂಬ ಜಪಾನಿ ಪದವನ್ನು ಬಿಡಿಸಿದರೆ ಎರಡು ತುಂಡು ಸಿಗುತ್ತವೆ. 'ಗೇ' ಅಂದರೆ ಕಲೆ, 'ಷಾ' ಅಂದರೆ ವ್ಯಕ್ತಿ. ಕಲೆಯನ್ನೇ ಕಸುಬು ಮಾಡಿಕೊಂಡವರು ಅಂತ ಅರ್ಥ. ಆದರೆ ಎಷ್ಟೋ ಜನ ಇದನ್ನು ವೇಶ್ಯೆ ಎಂದೇ ತಿಳಿದಿದ್ದಾರೆ. ಕೇಳಿದಾಗಲೆಲ್ಲ ನನಗೆ ಬೇಜಾರಾಗುತ್ತದೆ.

ಮೊದಮೊದಲು ಗೇಷಾಗಳು ಗಂಡಸರೇ ಆಗಿದ್ದರು. 18ನೇ ಶತಮಾನದ ನಡುವಿನಲ್ಲಿ ಹೆಂಗಸರು ಈ ಕಸುಬಿಗೆ ಬಂದರು, ಆಮೇಲೆ ಅದು ಅವರದ್ದೇ ಆಯಿತು. ಹಾಗಂತ ಎಲ್ಲವೂ ಚೆನ್ನಾಗಿತ್ತು ಅಂತಲ್ಲ. ಬಡವರ ಮನೆಯ ಎಷ್ಟೋ ಹೆಣ್ಣುಮಕ್ಕಳನ್ನು ಸಾಲದ ಲೆಕ್ಕಕ್ಕೆ ಒಪ್ಪಿಸಿದ್ದೂ ಉಂಟು. ಆ ನೋವನ್ನು ಮರೆಮಾಚಬಾರದು.

ಜಪಾನಿನ ಹಳೆಯ ರಾಜಧಾನಿ ಕ್ಯೋಟೋದಲ್ಲಿ ಇವರನ್ನು ಗೇಕೋ ಅನ್ನುತ್ತಾರೆ. ಇನ್ನೂ ಕಲಿಯುತ್ತಿರುವ ಹುಡುಗಿ ಮೈಕೋ. ಅವಳು ಇರುವ ಮನೆ ಓಕಿಯಾ, ಆ ಮನೆಯ ಯಜಮಾನಿಯನ್ನು ಎಲ್ಲರೂ ಕರೆಯುವುದು 'ಅಮ್ಮ' ಅಂತಲೇ. ಕುಣಿತ, ಹಾಡು, ಮೂರು ತಂತಿಯ ಶಾಮಿಸೆನ್ ವಾದ್ಯ, ಚಹಾ ಮಾಡಿಕೊಡುವ ಕ್ರಮ, ಎಲ್ಲವನ್ನೂ ವರ್ಷಗಟ್ಟಲೆ ಕಲಿಯಬೇಕು. ಮೈಕೋ ತನ್ನ ಸ್ವಂತ ಕೂದಲನ್ನೇ ಎತ್ತಿ ಕಟ್ಟಿಸಿಕೊಳ್ಳುತ್ತಾಳೆ. ಅದು ಕೆಡಬಾರದು ಅಂತ ರಾತ್ರಿ ಕುತ್ತಿಗೆಯ ಕೆಳಗೆ ಎತ್ತರದ ದಿಂಬು ಇಟ್ಟುಕೊಂಡು ಮಲಗುತ್ತಾಳೆ. ಕಲಿಕೆ ಮುಗಿದ ದಿನ ಅವಳ ಕೊರಳಪಟ್ಟಿ ಬದಲಾಗುತ್ತದೆ. ಮೊದಲು ಕೆಂಪು, ವರ್ಷ ಕಳೆದಂತೆ ಬಿಳಿ ದಾರದ ಕಸೂತಿ ಅದನ್ನು ಮುಚ್ಚುತ್ತಾ ಬಂದು, ಕೊನೆಗೆ ಅಚ್ಚ ಬಿಳಿ. 'ಎರಿಕಾಯೇ', ಪಟ್ಟಿ ಬದಲಿಸುವುದು, ಅನ್ನುವುದು ಇದಕ್ಕೇ.

ಹಿಂದೆ ಇವರ ಸಂಭಾವನೆಗೆ ಊದುಬತ್ತಿಯೇ ಗಡಿಯಾರ. ಎಷ್ಟು ಕಡ್ಡಿ ಉರಿಯಿತೋ ಅಷ್ಟು ಹಣ. ಅದನ್ನು ಈಗಲೂ 'ಹೂವಿನ ಹಣ' ಅನ್ನುತ್ತಾರೆ.

1920ರ ದಶಕದಲ್ಲಿ ಜಪಾನಿನಲ್ಲಿ ಸುಮಾರು 80,000 ಗೇಷಾಗಳಿದ್ದರು. ಈಗ ಉಳಿದಿರುವುದು ಹೆಚ್ಚೆಂದರೆ ಸಾವಿರದ ಆಸುಪಾಸು. 1944ರಲ್ಲಿ ಯುದ್ಧಕ್ಕಾಗಿ ಚಹಾಮನೆಗಳನ್ನು, ಅಂದರೆ ಗೇಷಾಗಳು ಅತಿಥಿಗಳನ್ನು ರಂಜಿಸುವ ಮನೆಗಳನ್ನು, ಮುಚ್ಚಿಸಿದರು, ಹೆಂಗಸರು ಕಾರ್ಖಾನೆ ಕೆಲಸಕ್ಕೆ ಹೋದರು. ಅನೇಕರು ವಾಪಸ್ ಬರಲೇ ಇಲ್ಲ. ಆಮೇಲೆ ಬಾರುಗಳು ಬಂದವು, ಗಿರಾಕಿಗಳು ಅತ್ತ ಹೋದರು. ಕಡ್ಡಾಯ ಶಾಲೆ ಒಂಬತ್ತು ವರ್ಷಕ್ಕೆ ಏರಿತು, ಚಿಕ್ಕಂದಿನಲ್ಲೇ ಕಲಿಕೆಗೆ ಸೇರಿಸುವ ಪದ್ಧತಿ ನಿಂತಿತು. ಇದಂತೂ ಒಳ್ಳೆಯದೇ. 1990ರ ನಂತರ ಕಂಪನಿಗಳೂ ಅತಿಥಿಗಳಿಗಾಗಿ ಮಾಡುತ್ತಿದ್ದ ಖರ್ಚಿಗೆ ಕತ್ತರಿ ಹಾಕಿದವು. ಪರಿಚಯದವರು ಕರೆದುಕೊಂಡು ಬರದೆ ಹೊಸಬರನ್ನು ಒಳಗೆ ಬಿಡದ ಚಹಾಮನೆಗಳಿಗೆ ಹೊಸ ಗಿರಾಕಿಗಳು ಎಲ್ಲಿಂದ ಬರಬೇಕು, ಅಲ್ವಾ?

ಆದರೆ ಎಲ್ಲರಿಗೂ ತೆರೆದಿರುವ ಬಾಗಿಲೂ ಉಂಟು. ರಾಜಧಾನಿ ಟೋಕಿಯೋಗೆ ಹೋಗಿ ಕ್ಯೋಟೋ ಕಳೆಗುಂದಿದ್ದಾಗ, 1872ರಲ್ಲಿ ಅಲ್ಲಿನ ಗಿಯೋನ್ ಬಡಾವಣೆಯ ಗೇಕೋಗಳು 'ಮಿಯಾಕೋ ಓದೋರಿ' ಎಂಬ ಕುಣಿತ ಶುರು ಮಾಡಿದರು. ಇವತ್ತಿಗೂ ಏಪ್ರಿಲ್‌ನಲ್ಲಿ ಅದು ನಡೆಯುತ್ತದೆ. ಯಾರ ಪರಿಚಯವೂ ಬೇಡ, ಟಿಕೆಟ್ ಇದ್ದರೆ ಸಾಕು.