ಗೆಲ್ಲದ ಅಭ್ಯರ್ಥಿಯಿಂದ ಫಲಿತಾಂಶ ಬದಲಾಗುವುದು ಹೇಗೆ?

ಓದುಗರ ಪ್ರಶ್ನೆ: ಅಮೆರಿಕದಲ್ಲಿ ಅಧ್ಯಕ್ಷರಾಗುವುದು ಎರಡು ಪಕ್ಷದವರೇ. ಆದರೂ ‘ಮೂರನೆಯವರು ಮತ ಒಡೆದರು’ ಅನ್ನುವ ಮಾತು ಮತ್ತೆ ಮತ್ತೆ ಕೇಳಿಬರುತ್ತದೆ. ನೂರಕ್ಕೆ ಎರಡೋ ಮೂರೋ ವೋಟು ಪಡೆದವರಿಂದ ಇಡೀ ದೇಶದ ಫಲಿತಾಂಶ ಬದಲಾಗುತ್ತದಾ?

ಬದಲಾಗಬಹುದು. ಆದರೆ ಜನ ದೂರುವಷ್ಟು ಸಲ ಹಾಗೆ ಆಗಿಲ್ಲ.

ಅಲ್ಲಿ ನಡೆಯುವುದು ಒಂದು ಚುನಾವಣೆ ಅಲ್ಲ. 50 ರಾಜ್ಯ ಮತ್ತು ರಾಜಧಾನಿ ವಾಷಿಂಗ್ಟನ್, ಒಟ್ಟು 51 ಕಡೆ ಬೇರೆ ಬೇರೆ ಎಣಿಕೆ. ಅಧ್ಯಕ್ಷರನ್ನು ಆರಿಸಲು ಇವಕ್ಕೆ ಹಂಚಿಕೊಟ್ಟ ಮತಗಳಿಗೆ ಎಲೆಕ್ಟೋರಲ್ ಮತ ಅನ್ನುತ್ತಾರೆ. ಎಲ್ಲ ಸೇರಿ 538. ಗೆಲ್ಲಲು 270 ಬೇಕು. ಮೇನ್ ಮತ್ತು ನೆಬ್ರಾಸ್ಕ ಬಿಟ್ಟರೆ ಉಳಿದ ಕಡೆ, ಒಂದೇ ವೋಟು ಜಾಸ್ತಿ ಬಂದರೂ ಆ ರಾಜ್ಯದ ಅಷ್ಟೂ ಎಲೆಕ್ಟೋರಲ್ ಮತ ಒಬ್ಬರಿಗೇ. ಅರ್ಧದಷ್ಟು ಜನ ಒಪ್ಪಬೇಕೆಂದಿಲ್ಲ, ಪಕ್ಕದವರಿಗಿಂತ ಮುಂದಿದ್ದರೆ ಸಾಕು. ನಮ್ಮ ಎಂಎಲ್‌ಎ ಚುನಾವಣೆಯಲ್ಲೂ ಗೆಲುವು ಹೀಗೇ ತಾನೇ? ಹಾಗಾಗಿ ಮೂರನೆಯವರಿಗೆ ಎಷ್ಟು ವೋಟು ಬಂತು ಅನ್ನುವುದಕ್ಕಿಂತ, ಎಲ್ಲಿ ಬಂತು ಅನ್ನುವುದು ಮುಖ್ಯ.

ಎಲ್ಲರೂ ಹೇಳುವ ಉದಾಹರಣೆ 2000ನೇ ಇಸವಿಯ ಫ್ಲೋರಿಡಾ. ರಿಪಬ್ಲಿಕನ್ ಪಕ್ಷದ ಜಾರ್ಜ್ ಬುಷ್‌ಗೆ 29,12,790 ವೋಟು. ಡೆಮಾಕ್ರಟಿಕ್ ಪಕ್ಷದ ಆಲ್ ಗೋರ್‌ಗೆ 29,12,253. ಅಂತರ ಬರೀ 537. ಗ್ರೀನ್ ಪಕ್ಷದ ರಾಲ್ಫ್ ನೇಡರ್‌ಗೆ ಅದೇ ರಾಜ್ಯದಲ್ಲಿ 97,488. ಫ್ಲೋರಿಡಾದ 25 ಎಲೆಕ್ಟೋರಲ್ ಮತ ಬುಷ್ ಪಾಲಾಯಿತು. ಅವರು 271–266ರಲ್ಲಿ ಅಧ್ಯಕ್ಷರಾದರು. ದೇಶದ ಒಟ್ಟು ಎಣಿಕೆಯಲ್ಲಿ ಗೋರ್ 5 ಲಕ್ಷ 40 ಸಾವಿರಕ್ಕೂ ಹೆಚ್ಚು ವೋಟು ಮುಂದಿದ್ದರು.

ಹಾಗಾದರೆ ನೇಡರ್ ಇಲ್ಲದಿದ್ದರೆ ಗೋರ್ ಗೆಲ್ಲುತ್ತಿದ್ದರಾ? ಇಲ್ಲಿ ನೋಡಬೇಕಾದ್ದು ನೇಡರ್ ಮತದಾರರ ಎರಡನೇ ಆಯ್ಕೆ. ವೋಟು ಹಾಕಿ ಹೊರಬಂದವರನ್ನು ಆ ದಿನ ಕೇಳಿದ್ದರು. ನೇಡರ್ ಮತದಾರರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಗೋರ್ ಅಂದರು. ಐವರಲ್ಲಿ ಒಬ್ಬರು ಬುಷ್ ಅಂದರು. ಉಳಿದವರಲ್ಲಿ ಹೆಚ್ಚಿನವರು ಮತಗಟ್ಟೆಗೇ ಬರುತ್ತಿರಲಿಲ್ಲವಂತೆ. ದೇಶದ ಈ ಲೆಕ್ಕವನ್ನೇ ಫ್ಲೋರಿಡಾಕ್ಕೆ ಹಾಕಿದರೆ ಗೋರ್‌ಗೆ 25 ಸಾವಿರದಷ್ಟು ವೋಟು ಲಾಭ. 537ರ ಮುಂದೆ ಅದು ಧಾರಾಳ.

ಇಷ್ಟು ಕೇಳಿದ ಮೇಲೆ ನೇಡರ್ ಅವರೇ ಕಾರಣ ಅಂತ ತೀರ್ಮಾನಿಸುವುದು ಸುಲಭ. ನನಗೆ ಅದು ಅರ್ಧ ಸತ್ಯ ಅನ್ನಿಸುತ್ತದೆ. ಆ ರಾಜ್ಯದಲ್ಲಿ ಸೋಷಲಿಸ್ಟ್ ಪಕ್ಷದ ಡೇವಿಡ್ ಮೆಕ್‌ರೆನಾಲ್ಡ್ಸ್‌ಗೂ 622 ವೋಟು ಬಿದ್ದಿತ್ತು. ಅದೂ 537ಕ್ಕಿಂತ ಜಾಸ್ತಿಯೇ. ಫ್ಲೋರಿಡಾದ ಪಾಮ್ ಬೀಚ್ ಕೌಂಟಿಯಲ್ಲಿ (ನಮ್ಮ ಜಿಲ್ಲೆಯಂಥದ್ದು) ಮತಪತ್ರದ ಎರಡೂ ಕಡೆ ಹೆಸರು, ನಡುವೆ ತೂತು ಮಾಡುವ ಸಾಲು. ಗೋರ್‌ಗೆ ಹಾಕಲು ಬಂದ ಎಷ್ಟೋ ಜನ ಗಲಿಬಿಲಿಗೊಂಡರು. ಅಲ್ಲಿ ರಿಫಾರ್ಮ್ ಪಕ್ಷದ ಪ್ಯಾಟ್ ಬುಕಾನನ್‌ಗೆ ಯಾರೂ ಎಣಿಸದಂತೆ 3,407 ವೋಟು ಬಂತು. ಇನ್ನೊಂದು ಮಾತು. ಗೋರ್ ತಮ್ಮ ಸ್ವಂತ ರಾಜ್ಯ ಟೆನೆಸ್ಸಿಯಲ್ಲಿ ಗೆದ್ದಿದ್ದರೆ ಫ್ಲೋರಿಡಾ ಬೇಕೇ ಇರಲಿಲ್ಲ. ಅಲ್ಲಿ ಅವರು ಸೋತದ್ದು ಸುಮಾರು 80 ಸಾವಿರ ವೋಟಿನಿಂದ. ನೇಡರ್‌ಗೆ ಅಲ್ಲಿ ಬಂದದ್ದು 20 ಸಾವಿರಕ್ಕೂ ಕಡಿಮೆ. ಫಲಿತಾಂಶ ಅಷ್ಟು ಕೂದಲೆಳೆಯಲ್ಲಿ ನಿಂತಾಗ ಎಲ್ಲವೂ ಕಾರಣವಾಗುತ್ತದೆ. ಒಬ್ಬರ ತಲೆಗೆ ಕಟ್ಟುವುದು ನ್ಯಾಯವಲ್ಲ.

ಎಷ್ಟೋ ವೋಟು ಪಡೆದರೂ ಯಾರ ಗೆಲುವನ್ನೂ ಕಸಿಯದಿರಬಹುದು. 1992ರಲ್ಲಿ ಉದ್ಯಮಿ ರಾಸ್ ಪೆರೋ ದೇಶದ ನೂರಕ್ಕೆ 19ರಷ್ಟು ವೋಟು ತೆಗೆದುಕೊಂಡರು. ಒಂದೇ ಒಂದು ಎಲೆಕ್ಟೋರಲ್ ಮತ ಸಿಗಲಿಲ್ಲ. ಅವರಿಂದಲೇ ಆಗ ಅಧ್ಯಕ್ಷರಾಗಿದ್ದ ದೊಡ್ಡ ಬುಷ್ (ಜಾರ್ಜ್ ಬುಷ್ ಅವರ ತಂದೆ) ಸೋತು ಡೆಮಾಕ್ರಟಿಕ್ ಪಕ್ಷದ ಕ್ಲಿಂಟನ್ ಗೆದ್ದರು ಅಂತ ಈಗಲೂ ಹೇಳುವವರಿದ್ದಾರೆ. ಆದರೆ ಪೆರೋ ಮತದಾರರ ಎರಡನೇ ಆಯ್ಕೆ ಇಬ್ಬರ ನಡುವೆ ಸರಿಸುಮಾರು ಸಮವಾಗಿ ಹಂಚಿಹೋಗಿತ್ತು. ಎರಡೂ ಕಡೆಯಿಂದ ಸಮನಾಗಿ ತೆಗೆದರೆ ತಕ್ಕಡಿ ವಾಲುವುದಿಲ್ಲ, ಅಲ್ವಾ?

ನಿಜವಾದ ಒಡಕು ನೋಡಬೇಕಾದರೆ 1912ಕ್ಕೆ ಹೋಗಬೇಕು. ಮಾಜಿ ಅಧ್ಯಕ್ಷ ಥಿಯೋಡರ್ ರೂಸ್‌ವೆಲ್ಟ್ ರಿಪಬ್ಲಿಕನ್ ಪಕ್ಷದಿಂದ ಸಿಡಿದು ಬೇರೆ ಪಕ್ಷದಿಂದ ನಿಂತರು. ಅವರಿಗೆ ನೂರಕ್ಕೆ 27, ಅಧಿಕಾರದಲ್ಲಿದ್ದ ರಿಪಬ್ಲಿಕನ್ ಟಾಫ್ಟ್‌ಗೆ 23. ಒಂದೇ ಮನೆಯ ವೋಟು ಎರಡು ಪಾಲಾಯಿತು. ನೂರಕ್ಕೆ 42 ಪಡೆದ ಡೆಮಾಕ್ರಟಿಕ್ ಪಕ್ಷದ ವುಡ್ರೊ ವಿಲ್ಸನ್ 435 ಎಲೆಕ್ಟೋರಲ್ ಮತ ಬಾಚಿಕೊಂಡರು.

ಈ ಚರ್ಚೆಯಲ್ಲಿ ನನಗೆ ನೋವಾಗುವುದು ಮತದಾರರನ್ನು ಬೈಯುವಾಗ. ನೇಡರ್‌ಗೆ ವೋಟು ಹಾಕಿದವರು ಸುಮ್ನೆ ಹಾಕಿದವರಲ್ಲ. ದೇಶದಲ್ಲಿ ನೂರಕ್ಕೆ 5 ವೋಟು ಬಂದರೆ ಮುಂದಿನ ಚುನಾವಣೆಗೆ ಗ್ರೀನ್ ಪಕ್ಷಕ್ಕೆ ಸರಕಾರದ ಹಣ ಸಿಗುತ್ತಿತ್ತು. ಬಂದದ್ದು 2.7. ಕೆಲವರು ಇಂಟರ್ನೆಟ್‌ನಲ್ಲಿ ವೋಟು ಅದಲುಬದಲು ಕೂಡ ಮಾಡಿಕೊಂಡರು. ಪೈಪೋಟಿ ಬಿಗಿಯಾಗಿದ್ದ ರಾಜ್ಯದ ನೇಡರ್ ಬೆಂಬಲಿಗರು ಗೋರ್‌ಗೆ ಹಾಕುವುದು, ಗೆಲುವು ಯಾರದೆಂದು ಮೊದಲೇ ಗೊತ್ತಿದ್ದ ರಾಜ್ಯದ ಗೋರ್ ಬೆಂಬಲಿಗರು ಬದಲಿಗೆ ನೇಡರ್‌ಗೆ ಹಾಕುವುದು. ಮನಸ್ಸಿನಲ್ಲಿರುವುದನ್ನು ಹೇಳಲು ಜನ ಇಷ್ಟು ಒದ್ದಾಡಬೇಕಾದರೆ, ತಪ್ಪು ಎಣಿಸುವ ಪದ್ಧತಿಯಲ್ಲಿದೆ.

ಎರಡು ಸುತ್ತು ನಡೆಸಿದರೆ ಸರಿಹೋಗುತ್ತದಾ? ಫ್ರಾನ್ಸ್‌ನಲ್ಲಿ ಹಾಗೇ ಇದೆ. ಆದರೂ 2002ರಲ್ಲಿ ಮೊದಲ ಸುತ್ತಿಗೆ 16 ಮಂದಿ ನಿಂತು ಎಡಪಂಥದ ವೋಟು ಚೂರುಚೂರಾಯಿತು. ಪ್ರಧಾನಿಯಾಗಿದ್ದ ಜೋಸ್ಪಾಂ ಎರಡು ಲಕ್ಷಕ್ಕೂ ಕಡಿಮೆ ವೋಟಿನಿಂದ ಮೂರನೇ ಸ್ಥಾನಕ್ಕೆ ಇಳಿದರು. ಎರಡನೇ ಸುತ್ತಿಗೆ ಅಧ್ಯಕ್ಷರಾಗಿದ್ದ ಶಿರಾಕ್ ಎದುರು ಉಳಿದದ್ದು ಬಲಪಂಥದ ತುದಿಯಲ್ಲಿದ್ದ ಲೆ ಪೆನ್.

ಇದಕ್ಕಿಂತ ಒಳ್ಳೆಯ ದಾರಿ ನಮಗೇ ಗೊತ್ತಿದೆ. ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರದಲ್ಲಿ ವೋಟು ಹಾಕಿದವರಿಗೆ ನೆನಪಿರಬಹುದು. ಅಲ್ಲಿ ಹೆಸರಿನ ಮುಂದೆ 1, 2, 3 ಎಂದು ಬರೆಯುತ್ತೇವೆ. ನಮ್ಮ ಮೊದಲ ಆಯ್ಕೆಯವರು ಎಣಿಕೆಯಿಂದ ಹೊರಬಿದ್ದರೆ ವೋಟು ಎರಡನೆಯವರಿಗೆ ಹೋಗುತ್ತದೆ. ರಾಷ್ಟ್ರಪತಿ ಚುನಾವಣೆಯೂ ಹಾಗೆಯೇ. 1969ರಲ್ಲಿ ವಿ.ವಿ. ಗಿರಿ ಮೊದಲ ಎಣಿಕೆಯಲ್ಲಿ ಅರ್ಧ ದಾಟಲಿಲ್ಲ. ಮೂರನೆಯವರಾಗಿದ್ದ ಸಿ.ಡಿ. ದೇಶಮುಖ್ ಮತ್ತು ಉಳಿದವರ ಮತಪತ್ರಗಳ ಎರಡನೇ ಆಯ್ಕೆ ಎಣಿಸಿದ ಮೇಲೆ 4,20,077 ಮತಮೌಲ್ಯ ಪಡೆದು ಗೆದ್ದರು. ನೀಲಂ ಸಂಜೀವ ರೆಡ್ಡಿ ಅವರಿಗೆ ಬಂದದ್ದು 4,05,427. ದೇಶಮುಖ್ ಮತ ಒಡೆದರು ಎಂದು ದೂರಲು ಅಲ್ಲಿ ಜಾಗವೇ ಇರಲಿಲ್ಲ.

ಅಮೆರಿಕದಲ್ಲಿ 2024ರ ಅಧ್ಯಕ್ಷರ ಚುನಾವಣೆಗೆ ಹೀಗೆ ಅಂಕಿ ಬರೆಯುವ ಅವಕಾಶ ಇದ್ದದ್ದು ಮೇನ್ ಮತ್ತು ಅಲಾಸ್ಕ ರಾಜ್ಯಗಳಲ್ಲಿ ಮಾತ್ರ. ಫ್ಲೋರಿಡಾ 2022ರಲ್ಲಿ ಕಾನೂನು ಮಾಡಿ ಆ ಪದ್ಧತಿಯನ್ನೇ ನಿಷೇಧಿಸಿದೆ.