ಅಪ್ಪ ಹೋದಾಗ ಬಾರದ ಅಳು ಕನಸಿನಲ್ಲಿ ಬಂದದ್ದೇಕೆ?

ಪ್ರಶ್ನೆ: ಎರಡು ವರ್ಷದ ಹಿಂದೆ ಅಪ್ಪ ತೀರಿಕೊಂಡರು. ಆಗ ನನಗೆ ಕಣ್ಣೀರು ಬರಲಿಲ್ಲ. ಮೊನ್ನೆ ಬೆಳಗಿನ ಜಾವ, ಅಮ್ಮ ನಮ್ಮ ಹಳೆಯ ಮನೆಯ ಬಾವಿಗೆ ಬಿದ್ದಂತೆ ಕನಸು ಬಿತ್ತು. ಆ ಬಾವಿಯನ್ನು ಮುಚ್ಚಿಸಿ ಹತ್ತು ವರ್ಷವಾಯಿತು. ಬೆಚ್ಚಿ ಎದ್ದವನು ಅರ್ಧ ಗಂಟೆ ಬಿಕ್ಕಿ ಬಿಕ್ಕಿ ಅತ್ತೆ. ನಿಜವಾದ ಸಾವಿಗೆ ಅಳದವನು ಕನಸಿನ ಸಾವಿಗೆ ಹೀಗೆ ಅತ್ತರೆ ಏನೆನ್ನಬೇಕು? ಅಮ್ಮನಿಗೆ ಈ ಕನಸನ್ನು ಹೇಳಬಹುದೇ?

ಉತ್ತರ: ಈ ಪ್ರಶ್ನೆ ಬೇರೆ ಬೇರೆ ವೇಷದಲ್ಲಿ ಬರುತ್ತಲೇ ಇರುತ್ತದೆ. ಕನಸಿನ ಹಾವಿಗೆ ಮನೆಯವರೆಲ್ಲ ಏಳುವಂತೆ ಕಿರುಚಿದವರು, ಹಿತ್ತಲಿನಲ್ಲಿ ನಿಜವಾದ ಹಾವು ಕಂಡಾಗ ಸದ್ದಿಲ್ಲದೆ ಹಿಂದೆ ಸರಿದು ಬಾಗಿಲು ಹಾಕಿಕೊಂಡಿರುತ್ತಾರೆ. ಲಾರಿಯ ಚಕ್ರದಿಂದ ಗೇಣು ದೂರದಲ್ಲಿ ಉಳಿದವರು ‘ಆ ಕ್ಷಣ ಏನೂ ಅನ್ನಿಸಲೇ ಇಲ್ಲ’ ಎನ್ನುತ್ತಾರೆ. ಎಲ್ಲರ ಒಳಗೂ ಕೊರೆಯುವುದು ಒಂದೇ ಅನುಮಾನ: ನನ್ನದು ಕಲ್ಲು ಮನಸ್ಸೇ? ಅಲ್ಲ. ಕನಸು ಇಡೀ ಬಾಕಿಯನ್ನು ಒಂದೇ ಏಟಿಗೆ ವಸೂಲು ಮಾಡುತ್ತದೆ, ಎಚ್ಚರದ ಬದುಕು ಕಂತಿನಲ್ಲಿ ತೀರಿಸಿಕೊಳ್ಳುತ್ತದೆ. ಮೊತ್ತ ಬೇರೆಯೇ ಎಂದು ಹೇಳಲಾರೆ, ತೆರುವ ರೀತಿ ಮಾತ್ರ ಬೇರೆ.

ಮೊದಲು ಬಾವಿಯ ವಿಷಯ. ಮುಚ್ಚಿದ ರೆಪ್ಪೆಗಳ ಕೆಳಗೆ ಕಣ್ಣುಗುಡ್ಡೆಗಳು ಸರಸರನೆ ಓಡಾಡುವ ಒಂದು ಬಗೆಯ ನಿದ್ರೆಯಿದೆ ಎಂದು 1953ರಲ್ಲಿ ಶಿಕಾಗೊ ವಿಶ್ವವಿದ್ಯಾಲಯದ ಯುಜೀನ್ ಅಸೆರಿನ್ಸ್ಕಿ ಮತ್ತು ನಥಾನಿಯಲ್ ಕ್ಲೈಟ್‌ಮನ್ ಬರೆದರು. ಅದೇ ರೆಮ್ ನಿದ್ರೆ. ಸುಮಾರು 90 ನಿಮಿಷಕ್ಕೊಮ್ಮೆ ಅದರ ಸರದಿ ಬರುತ್ತದೆ, ರಾತ್ರಿ ಕಳೆದಂತೆ ಪ್ರತಿ ಸರದಿಯೂ ಉದ್ದವಾಗುತ್ತ ಹೋಗುತ್ತದೆ. ಬೆಳಗಿನ ಜಾವದ ಕನಸು ನಿಜವಾಗುತ್ತದೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದರಲ್ಲ, ಆ ಹೊತ್ತಿನ ಕನಸು ನಿಜದಷ್ಟೇ ಗಟ್ಟಿಯಾಗಿ ಕಾಣುತ್ತದೆ ಎಂಬುದಂತೂ ಸರಿ. ಉದ್ದವೂ ಹೆಚ್ಚು, ಅದರ ನಡುವೆಯೇ ಎಚ್ಚರವಾಗುವುದರಿಂದ ನೆನಪಿನಲ್ಲಿ ಉಳಿಯುವುದೂ ಹೆಚ್ಚು.

ರೆಮ್ ನಿದ್ರೆಯಲ್ಲಿ ಮಿದುಳಿನ ಭಾವನೆಯ ಠಾಣೆಯಾದ ಅಮಿಗ್ಡಲ ಚುರುಕಾಗಿರುತ್ತದೆ. ಹಣೆಯ ಹಿಂದೆ ಕುಳಿತು ಲೆಕ್ಕ ಕೇಳುವ ಭಾಗ ಮಂಕಾಗಿರುತ್ತದೆ. 1990ರ ದಶಕದ ಸ್ಕ್ಯಾನ್‌ಗಳಲ್ಲೇ ಇದು ಕಂಡಿದೆ. ‘ಆ ಬಾವಿ ಮುಚ್ಚಿಸಿ ಹತ್ತು ವರ್ಷವಾಯಿತಲ್ಲ’ ಎಂದು ತಡೆದು ಕೇಳಬೇಕಾದವನು ತೂಕಡಿಸುತ್ತಿದ್ದಾನೆ. ಸಾಲದ್ದಕ್ಕೆ ಉಸಿರಾಟ ಮತ್ತು ಕಣ್ಣಿನ ಸ್ನಾಯುಗಳನ್ನು ಬಿಟ್ಟು ಮೈಯ ಸ್ನಾಯುಗಳೆಲ್ಲ ಸಡಿಲವಾಗಿರುತ್ತವೆ. ಕನಸಿನಲ್ಲಿ ಓಡಲು ಹೋದರೆ ಕಾಲು ಏಳದ, ಕೂಗಲು ಹೋದರೆ ಸ್ವರ ಹೊರಡದ ಆ ಸಂಕಟಕ್ಕೆ ಇದೂ ಒಂದು ಕಾರಣವಿರಬೇಕು ಎಂಬ ಊಹೆಯಿದೆ. ಕೈಕಾಲಿಗೆ ಕೆಲಸವಿಲ್ಲ, ಬುದ್ಧಿಗೆ ಎಚ್ಚರವಿಲ್ಲ. ಉಳಿಯುವುದು ಬರಿಯ ಭಾವನೆ.

ಅದು ಭಯವೇ ಆಗಬೇಕೆಂದೂ ಇಲ್ಲ. ಮಾಂಟ್ರಿಯಲ್ ವಿಶ್ವವಿದ್ಯಾಲಯದ ಸಂಶೋಧಕರು ಜನರು ಬರೆದಿಟ್ಟ ಸಾವಿರಾರು ಕನಸುಗಳನ್ನು ಪರಿಶೀಲಿಸಿ 2014ರಲ್ಲಿ ಪ್ರಕಟಿಸಿದಂತೆ, ದುಃಸ್ವಪ್ನಗಳಲ್ಲಿ ಸುಮಾರು ಮೂರನೇ ಒಂದು ಭಾಗದಲ್ಲಿ ಮುಖ್ಯ ಭಾವನೆ ಭಯವಾಗಿರಲಿಲ್ಲ. ದುಃಖ, ಗೊಂದಲ, ತಪ್ಪಿತಸ್ಥ ಭಾವ ಇವೂ ಇದ್ದವು. ನಿಮ್ಮದು ದುಃಖದ ಪಾಲಿಗೆ ಸೇರಿದ ಕನಸು.

ಈಗ ಅಪ್ಪ ತೀರಿಕೊಂಡ ದಿನವನ್ನು ನೆನಪಿಸಿಕೊಳ್ಳಿ. ನೀವು ಏನು ಮಾಡುತ್ತಿದ್ದಿರಿ ಎಂದು ನಾನು ಊಹಿಸಬಲ್ಲೆ. ಯಾರು ಯಾರಿಗೆ ಫೋನ್ ಮಾಡಬೇಕು, ದೂರದ ಊರಿನವರು ಬರುವವರೆಗೆ ಕಾಯಬೇಕೇ, ಐಸ್ ಪೆಟ್ಟಿಗೆ ಎಲ್ಲಿ ಸಿಗುತ್ತದೆ, ಚಟ್ಟಕ್ಕೆ ಬಿದಿರು ತರಲು ಯಾರು ಹೋದರು, ಆಧಾರ್ ಕಾರ್ಡಿನ ಜೆರಾಕ್ಸ್ ಎಲ್ಲಿದೆ. ಸಾವಿನ ಮನೆಯಲ್ಲಿ ಮಗನಾದವನಿಗೆ ಅಳಲು ಪುರುಸೊತ್ತು ಕೊಡುವುದಿಲ್ಲ ನಮ್ಮ ಜನ. ಇದನ್ನು ನಾನು ದೂರಾಗಿ ಹೇಳುತ್ತಿಲ್ಲ. ಆ ಕೆಲಸಗಳೇ ಆಗ ನಿಮ್ಮನ್ನು ಬೀಳದಂತೆ ಹಿಡಿದದ್ದು.

ನನ್ನದೇ ಒಂದು ಪ್ರಸಂಗ. ಮಳೆಯಲ್ಲಿ ಸ್ಕೂಟರ್ ಜಾರಿ, ಎದುರಿನಿಂದ ಬರುತ್ತಿದ್ದ ಬಸ್ಸಿನ ಮುಂದೆ ಬಿದ್ದೆ. ಬೀಳುವಾಗ ನನ್ನ ತಲೆಯಲ್ಲಿದ್ದದ್ದು ಚೀಲದಲ್ಲಿನ ಮೊಟ್ಟೆಗಳು. ಎದ್ದೆ, ಸ್ಕೂಟರನ್ನು ಪಕ್ಕಕ್ಕೆ ತಳ್ಳಿದೆ, ಬೈಯುತ್ತಿದ್ದ ಚಾಲಕನ ಕ್ಷಮೆಯನ್ನೂ ಕೇಳಿದೆ. ಹತ್ತು ನಿಮಿಷದ ಮೇಲೆ ಚಹಾದ ಅಂಗಡಿಯಲ್ಲಿ ಲೋಟ ಕೈಗೆ ಬಂದಾಗ ನೋಡಿದರೆ, ಚಹಾ ಲೋಟದ ಅಂಚಿನಿಂದ ಬೆರಳ ಮೇಲೆ ತುಳುಕುತ್ತಿದೆ. ಅದು ನನ್ನ ಮೊದಲ ಕಂತು.

ಇದಕ್ಕಿಂತ ಬಹಳ ದೊಡ್ಡ ಬೀಳುವಿಕೆಯನ್ನು ಸ್ವಿಟ್ಜರ್ಲೆಂಡಿನ ಭೂವಿಜ್ಞಾನಿ ಆಲ್ಬರ್ಟ್ ಹೈಮ್ ಬರೆದಿಟ್ಟಿದ್ದಾನೆ. 1871ರಲ್ಲಿ, ಇನ್ನೂ ಇಪ್ಪತ್ತರ ಹರೆಯದಲ್ಲಿ, ಸೆಂಟಿಸ್ ಪರ್ವತದ ಹಿಮದ ಇಳಿಜಾರಿನಿಂದ ಜಾರಿ ಬಂಡೆಯ ಅಂಚಿನಿಂದ ಕೆಳಗೆ ಹೋದ. ಬೀಳುವಾಗ ಅವನಿಗೆ ತೋಚಿದ್ದು ಕನ್ನಡಕ ತೆಗೆದು ಎಸೆಯಬೇಕು, ಚೂರಾದರೆ ಕಣ್ಣಿಗೆ ಚುಚ್ಚೀತು ಎಂಬುದು. ಐದು ದಿನದ ಬಳಿಕ ಕೊಡಬೇಕಾಗಿದ್ದ ಉಪನ್ಯಾಸ ತಪ್ಪಿಹೋಗುತ್ತದಲ್ಲ ಎಂಬುದೂ ನೆನಪಾಯಿತಂತೆ. ಬದುಕಿದ ಮೇಲೆ ಹೀಗೆಯೇ ಬಿದ್ದು ಉಳಿದ ಬೇರೆಯವರ ಮಾತುಗಳನ್ನೂ ಕೂಡಿಹಾಕಿ 1892ರಲ್ಲಿ ಪ್ರಕಟಿಸಿದ. ಬಹುತೇಕರಲ್ಲಿ ನೋವೂ ಇಲ್ಲ, ದಿಗಿಲೂ ಇಲ್ಲ, ಮನಸ್ಸು ತಿಳಿಯಾಗಿತ್ತು, ಕಾಲ ಹಿಗ್ಗಿದಂತಿತ್ತು ಎಂದು ಅವನ ವರದಿ.

ಕಾಲ ನಿಜವಾಗಿ ಹಿಗ್ಗುತ್ತದೆಯೇ ಎಂದು ಅಮೆರಿಕದ ನರವಿಜ್ಞಾನಿ ಡೇವಿಡ್ ಈಗಲ್‌ಮನ್ ಮತ್ತು ಸಂಗಡಿಗರು 2007ರಲ್ಲಿ ಪರೀಕ್ಷಿಸಿದರು. ಜನರನ್ನು 31 ಮೀಟರ್ ಎತ್ತರದಿಂದ ಬಲೆಯ ಮೇಲೆ ಬೀಳಿಸಿ, ಬೀಳುವಾಗ ಮಣಿಕಟ್ಟಿನ ಯಂತ್ರದಲ್ಲಿ ವೇಗವಾಗಿ ಮಿನುಗುವ ಅಂಕಿಯನ್ನು ಓದಲು ಹೇಳಿದರು. ಕಾಲ ನಿಜಕ್ಕೂ ಹಿಗ್ಗಿದ್ದರೆ ಅದನ್ನು ಓದಲಾಗಬೇಕಿತ್ತು, ಓದಲಾಗಲಿಲ್ಲ. ಆದರೆ ತಮ್ಮ ಬೀಳುವಿಕೆ ಬೇರೆಯವರದ್ದಕ್ಕಿಂತ ಶೇ 36ರಷ್ಟು ದೀರ್ಘವಾಗಿತ್ತು ಎಂದು ಅವರಿಗೆ ಅನ್ನಿಸಿತ್ತು. ಆ ಹೊತ್ತಿನ ನೆನಪು ದಟ್ಟವಾಗಿ ಅಚ್ಚಾಗುವುದರಿಂದ ಹಿಂದಿರುಗಿ ನೋಡಿದಾಗ ಅದು ಉದ್ದವಾಗಿ ಕಾಣುತ್ತದೆ ಎಂಬುದು ಅವರ ವಿವರಣೆ.

ಹೃದಯ ನಿಂತು ಮರಳಿ ಬಂದವರದ್ದು ಮೂರನೆಯ ಬಗೆ. ನೆದರ್ಲೆಂಡ್ಸ್‌ನ ಹತ್ತು ಆಸ್ಪತ್ರೆಗಳಲ್ಲಿ ಹೀಗೆ ಬದುಕಿದ 344 ಮಂದಿಯನ್ನು ವಿಚಾರಿಸಿದ ಅಧ್ಯಯನ 2001ರಲ್ಲಿ ಪ್ರಕಟವಾಯಿತು. ಸಾವಿನ ಅಂಚಿನ ಅನುಭವ ಹೇಳಿದವರು 62 ಮಂದಿ, ಎಂದರೆ ಶೇ 18. ಉಳಿದವರಿಗೆ ಏನೂ ನೆನಪಿರಲಿಲ್ಲ. ಹೇಳುವವರಲ್ಲಿ ಬಹಳಷ್ಟು ಜನ ಶಾಂತಿಯ ಮಾತಾಡುತ್ತಾರೆ, ಕೆಲವರು ಭಯಾನಕವಾದದ್ದನ್ನೂ ಕಂಡಿರುತ್ತಾರೆ. ನಮ್ಮ ಬೆಂಗಳೂರಿನ ನಿಮ್ಹಾನ್ಸ್‌ನ ಸತ್ವಂತ್ ಪಸ್ರೀಚಾ, ಅಮೆರಿಕದ ಮನೋವೈದ್ಯ ಇಯಾನ್ ಸ್ಟೀವನ್‌ಸನ್ ಜೊತೆಗೂಡಿ 1986ರಲ್ಲಿ ಉತ್ತರ ಭಾರತದ 16 ಪ್ರಕರಣಗಳನ್ನು ವರದಿ ಮಾಡಿದರು. ಅಲ್ಲಿ ಯಮದೂತರು ಬಂದು ಕರೆದೊಯ್ಯುತ್ತಾರೆ, ಲೆಕ್ಕದ ಪುಸ್ತಕ ತೆರೆಯುತ್ತದೆ, ತಪ್ಪು ವ್ಯಕ್ತಿಯನ್ನು ತಂದಿದ್ದೀರಿ ಎಂದು ವಾಪಸು ಕಳಿಸುತ್ತಾರೆ. ಯಮನ ಕಚೇರಿಯಲ್ಲೂ ಕಡತ ಅದಲುಬದಲಾಗುತ್ತದೆ ಎಂದು ಓದಿ ನಾನಂತೂ ನಕ್ಕಿದ್ದೆ. ಸಾವಿನ ಅಂಚಿನ ಈ ಅನುಭವಗಳ ತೀವ್ರತೆ ಉಳಿಯುವುದು ನೆನಪಿನಲ್ಲಿ. ಬೆಲ್ಜಿಯಂನ ಲಿಯೇಜ್‌ನಲ್ಲಿ 2013ರಲ್ಲಿ ಕೆಲವೇ ಜನರ ಮೇಲೆ ನಡೆಸಿದ ಅಧ್ಯಯನದಲ್ಲಿ, ಈ ನೆನಪುಗಳು ನಿಜವಾಗಿ ನಡೆದ ಘಟನೆಗಳ ನೆನಪಿಗಿಂತಲೂ ಹೆಚ್ಚು ವಿವರ ಹಾಗೂ ಭಾವನೆಯಿಂದ ಕೂಡಿದ್ದವು.

ನಿಮ್ಮ ಕನಸಿನಲ್ಲಿ ಬಿದ್ದವರು ಅಮ್ಮ, ಆದರೆ ಅತ್ತದ್ದು ಅಪ್ಪನಿಗೂ ಇರಬಹುದು. ಇದಕ್ಕೆ ಪುರಾವೆ ಕೊಡಲಾರೆ, ನನಗೆ ಹಾಗೆ ತೋರುತ್ತದೆ.

ಇಂಥ ಕನಸು ಅಪರೂಪಕ್ಕೊಮ್ಮೆ ಬಿದ್ದರೆ ಚಿಂತಿಸಬೇಕಿಲ್ಲ. ವಾರಕ್ಕೆ ಹಲವು ಸಲ ಬಿದ್ದು, ಮಲಗುವುದಕ್ಕೇ ಹೆದರುವಂತಾದರೆ ವೈದ್ಯರನ್ನು ಕಾಣಿ. ರಕ್ತದೊತ್ತಡಕ್ಕೆ ಕೊಡುವ ಪ್ರೊಪ್ರನೊಲಾಲ್‌ನಂಥ ಕೆಲವು ಮಾತ್ರೆಗಳೂ ಕೆಟ್ಟ ಕನಸು ತರುತ್ತವೆ. ಹಾಗೆಂದು ನೀವೇ ನಿಲ್ಲಿಸಬೇಡಿ, ಬರೆದುಕೊಟ್ಟವರನ್ನು ಕೇಳಿ. ಹಗಲು ಹೊತ್ತಿನಲ್ಲಿ ಆ ಕನಸಿನ ಕಥೆಯನ್ನು ಬೇರೆ ರೀತಿ ತಿರುಗಿಸಿ ಬರೆದು, ದಿನವೂ ಕೆಲವು ನಿಮಿಷ ಮನಸ್ಸಿನಲ್ಲಿ ನಡೆಸಿ ನೋಡುವ ಚಿಕಿತ್ಸೆಯೂ ಇದೆ, ಹಲವರಿಗೆ ಫಲ ಕೊಟ್ಟಿದೆ. ನಿಮ್ಮ ಕಥೆಯಲ್ಲಿ ಬಾವಿಯ ಬಾಯಿಗೆ ಕಬ್ಬಿಣದ ಜಾಲರಿ ಹಾಕಿಸಿ ನೋಡಿ.

ಅಮ್ಮನಿಗೆ ಧಾರಾಳವಾಗಿ ಹೇಳಿ. ಕನಸಿನಲ್ಲಿ ಸತ್ತವರಿಗೆ ಆಯಸ್ಸು ಹೆಚ್ಚುತ್ತದೆ ಎಂದು ಅವರೇ ನಿಮಗೆ ಹೇಳಿಯಾರು. ಹೇಳಿದ ಮೇಲೆ ಮಾತು ಅಪ್ಪನ ಕಡೆ ತಿರುಗಿದರೆ ತಿರುಗಲಿ.